ಮಳೆಗಾಲದ ಲೆಕ್ಕಕ್ಕೆ ಬ್ಯಾಟರಿ: ನಮ್ಮನೆಗೆ ಐದು ಯೂನಿಟ್ ಯಾಕೆ ಸಾಕಾಯ್ತು

ಮೊದ್ಲು ಏನಿತ್ತು ಅಂತ ಹೇಳ್ಬಿಡ್ತೀನಿ. ತೀರ್ಥಹಳ್ಳಿ ಕಡೆ ತೋಟದ ಮನೆ, ಹಂಚಿನ ಮಾಡು, ಮನೇಲಿ ಅಪ್ಪಯ್ಯ, ಅಮ್ಮ, ನಾನು, ಹೆಂಡ್ತಿ, ಒಬ್ಬ ಮಗ. ಕರೆಂಟ್ ಹೋದ್ರೆ ಇದ್ದಿದ್ದು ಒಂದು ಹಳೇ ಯುಪಿಎಸ್, ಅದಕ್ಕೊಂದು 12 ವೋಲ್ಟಿನ 150 ಎಎಚ್ (ಆಂಪಿಯರ್ ಗಂಟೆ) ಟ್ಯೂಬುಲರ್ ಬ್ಯಾಟರಿ, ಅಂದ್ರೆ ಲೆಡ್ ಆಸಿಡ್ ಜಾತಿಯದ್ದು. 150 ಇಂಟು 12 ಅಂದ್ರೆ 1800 ವ್ಯಾಟ್ ಗಂಟೆ, ಸಾವಿರಕ್ಕೆ ಒಂದು ಯೂನಿಟ್, ಕಾಗದದ ಮೇಲೆ 1.8 ಯೂನಿಟ್. ಆದ್ರೆ ಲೆಡ್ ಆಸಿಡ್ ಬ್ಯಾಟರಿನ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಹೋದ್ರೆ ಆಯಸ್ಸು ಬೇಗ ಮುಗಿಯುತ್ತೆ, ಹಾಗಾಗಿ ಕೈಗೆ ಸಿಗೋದು 0.9 ಯೂನಿಟ್, ಅದೂ ಹೊಸದಿದ್ದಾಗ. ನಾಲ್ಕು ಲೈಟು ಒಂದು ಫ್ಯಾನು ಅಂತ ಕಾಲ ಹಾಕ್ತಿದ್ವಿ, ಫ್ರಿಜ್ಜು ಅದರ ಲೆಕ್ಕದಲ್ಲೇ ಇರ್ಲಿಲ್ಲ. ಆಗುಂಬೆ ಘಾಟಿ ಈಚೆಗೆ ಜೂನ್ ಜುಲೈನಲ್ಲಿ ಲೈನ್ ಮೇಲೆ ಒಂದು ಮರ ಬಿದ್ರೆ ಎರಡು ದಿನ ಕರೆಂಟ್ ಇಲ್ಲದೇ ಇರೋದು ಇಲ್ಲಿ ಯಾರಿಗೂ ಸುದ್ದಿಯೇ ಅಲ್ಲ.

ಸೋಲಾರ್ ಹಾಕ್ಸೋಣ ಅಂತ ವಿಚಾರ್ಸೋಕೆ ಹೋದ್ರೆ ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ, ತಿಂಗ್ಳಿಗೆ ಎಷ್ಟು ಯೂನಿಟ್ ಬರುತ್ತೆ ಸಾರ್. ಹೇಳಿದ ತಕ್ಷಣ ಅದನ್ನ 30ರಿಂದ ಭಾಗಿಸಿ, ಒಂದೂವರೆಯಿಂದ ಗುಣಿಸಿ, 10 ಯೂನಿಟ್ ಬ್ಯಾಟರಿ ಹಾಕ್ಸಿ ಅಂದ್ರು. ಈ ಲೆಕ್ಕ ನನಗೆ ಸರಿ ಕಾಣ್ಲಿಲ್ಲ. ತಿಂಗಳ ಯೂನಿಟ್ಟಲ್ಲಿ ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮೆಷಿನ್, ಬೇಸಿಗೇಲಿ ಓಡೋ ಬಾವಿ ಪಂಪು ಎಲ್ಲಾ ಸೇರಿರುತ್ತೆ, ಅದ್ರಲ್ಲಿ ಅರ್ಧಕ್ಕರ್ಧ ಹಗಲಲ್ಲಿ ಬಿಸಿಲಿದ್ದಾಗಲೇ ಮಾಡ್ಕೋಬಹುದಾದ ಕೆಲ್ಸ. ಬ್ಯಾಟರಿ ಬೇಕಾಗೋದು ಬಿಸಿಲಿಲ್ಲದ ಹೊತ್ತಿಗೆ, ಕರೆಂಟೂ ಇಲ್ಲದೇ ಇದ್ರೆ ಯಾವುದು ಓಡ್ಲೇಬೇಕೋ ಅದಕ್ಕೆ ಮಾತ್ರ.

ಇನ್ನೊಂದು ವಿಷ್ಯ, ದುಡ್ಡು ಉಳಿಯುತ್ತೆ ಅಂತ ಬ್ಯಾಟರಿ ತಗೊಳ್ಳೋ ಹಾಗಿದ್ರೆ ನಮ್ಮ ರಾಜ್ಯದಲ್ಲಿ ಸಣ್ಣ ಮನೆಗಳಿಗೆ ಆ ಲೆಕ್ಕ ಕೂರೋದೇ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದ್ಮೇಲೆ ಮನೆಯ ಹಳೇ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದಾರೆ, ಅದರೊಳಗಿದ್ದು 200 ಯೂನಿಟ್ ದಾಟದೇ ಇದ್ರೆ ಬಿಲ್ಲೇ ಸೊನ್ನೆ. ಸೊನ್ನೆ ಬಿಲ್ಲಲ್ಲಿ ಏನು ಉಳಿಸ್ತೀರಿ? ಪಿಎಂ ಸೂರ್ಯಘರ್ ಸಬ್ಸಿಡಿ ಇದೆಯಲ್ಲ ಅಂತ ಕೇಳಿದೋರಿಗೆ ಹೇಳೋದು, ಆ 78 ಸಾವಿರದ ಲೆಕ್ಕ ಇರೋದು ಪ್ಯಾನೆಲ್ ಕಿಲೋವ್ಯಾಟ್ ಮೇಲೆ, ಬ್ಯಾಟರಿ ಮೇಲಲ್ಲ, ಮತ್ತೆ ಬರೀ ಆನ್‌ಗ್ರಿಡ್ ಇನ್ವರ್ಟರ್ (ಬ್ಯಾಟರಿ ಇಲ್ಲದೇ ಲೈನಿಗೇ ಜೋಡಿಸೋದು) ಹಾಕ್ಸಿದ್ರೆ ಲೈನಲ್ಲಿ ಕರೆಂಟ್ ಹೋದ ತಕ್ಷಣ ಅದೂ ಬಂದ್ ಆಗುತ್ತೆ, ಲೈನ್‌ಮನ್ ಕಂಬ ಹತ್ತಿದಾಗ ನಮ್ಮನೆ ಕರೆಂಟ್ ಅವನಿಗೆ ಹೊಡೀಬಾರ್ದು ಅಂತ ಹಾಗೆ ಮಾಡಿರೋದು. ಹೊರಗೆ ಸುಡೋ ಬಿಸಿಲು, ಮಾಡಿನ ಮೇಲೆ ಮೂರು ಕಿಲೋವ್ಯಾಟ್ ಪ್ಯಾನೆಲ್, ಒಳಗೆ ಫ್ಯಾನ್ ತಿರುಗ್ತಿಲ್ಲ, ಇದು ನಮ್ಮ ನೆಂಟರ ಮನೇಲಿ ದಿನಾ ನಡೆಯೋ ಕಥೆ. ಹಾಗಾಗಿ ನಮ್ದು ಪೂರ್ತಿ ಕರೆಂಟ್ ಹೋದಾಗಿನ ಸಮಾಧಾನಕ್ಕೆ ಮಾಡಿದ ಖರ್ಚು, ಅದನ್ನ ಒಪ್ಕೊಂಡ್ಮೇಲೆ ಲೆಕ್ಕ ಸಲೀಸಾಯ್ತು.

ಲೋಡ್ ಅಳೆಯೋಕೆ ದುಬಾರಿ ಮೀಟರ್ ಏನೂ ಬೇಡ. ಮನೆ ಮುಂದಿನ ಕರೆಂಟ್ ಮೀಟರಲ್ಲಿ ಕೆಂಪು ಎಲ್‌ಇಡಿ ಒಂದು ಮಿಣುಕ್ತಾ ಇರುತ್ತಲ್ಲ, ಅದರ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಣುಕುತ್ತೆ ಅಂತ ಬರೆದಿರುತ್ತೆ, ನಮ್ದರಲ್ಲಿ 3200. ಮೊಬೈಲಲ್ಲಿ ಒಂದು ನಿಮಿಷದ ವಿಡಿಯೋ ಮಾಡಿ ಎಣಿಸಿದ್ರೆ ಆಯ್ತು. ನಿಮಿಷಕ್ಕೆ 8 ಸಲ ಮಿಣುಕಿದ್ರೆ ಗಂಟೆಗೆ 480, ಅದನ್ನ 3200ರಿಂದ ಭಾಗಿಸಿದ್ರೆ 0.15, ಅಂದ್ರೆ ಆ ಹೊತ್ತಿಗೆ ಮನೆ ಎಳೀತಿರೋದು 150 ವ್ಯಾಟ್. ಎಲ್ಲಾ ಆಫ್ ಮಾಡಿ ಒಂದೊಂದೇ ಹಾಕ್ತಾ ಎಣಿಸ್ತಾ ಹೋದೆ. ಮಗನಿಗೆ ಇದೊಂದು ಆಟ ಆಗಿ ಅವನೇ ಮೀಟರ್ ಹತ್ರ ನಿಂತು ಕೂಗ್ತಿದ್ದ. ಹಳೇ ಸೀಲಿಂಗ್ ಫ್ಯಾನು ನಿಮಿಷಕ್ಕೆ ನಾಲ್ಕು, ಅಂದ್ರೆ 75 ವ್ಯಾಟ್. ಮಿಕ್ಸಿ ಹಾಕಿದ್ರೆ ಎಲ್‌ಇಡಿ ನಿಮಿಷಕ್ಕೆ 40 ಸಲ ಹೊಡ್ಕೊಳ್ಳುತ್ತೆ, 750 ವ್ಯಾಟಿನ ಮಿಕ್ಸಿ, ಆದ್ರೆ ಓಡೋದು ದಿನಕ್ಕೆ ಹತ್ತು ನಿಮಿಷ, ಲೆಕ್ಕಕ್ಕೆ ಬರೋದು 0.125 ಯೂನಿಟ್. ಅದೇ ವೈಫೈ ರೂಟರ್ ಮತ್ತೆ ಫೈಬರ್ ಡಬ್ಬಿ ಎರಡೂ ಸೇರಿ 15 ವ್ಯಾಟ್ ಅಷ್ಟೇ, ಆದ್ರೆ ದಿನಪೂರ್ತಿ ಓಡಿದ್ರೆ 0.36 ಯೂನಿಟ್, ಮಿಕ್ಸಿಗಿಂತ ಸುಮಾರು ಮೂರು ಪಟ್ಟು. ಸದ್ದು ಮಾಡೋದನ್ನ ನೋಡಿ ಜನ ಹೆದರ್ತಾರೆ, ಬ್ಯಾಟರಿ ಖಾಲಿ ಮಾಡೋದು ಸುಮ್ನೆ ಮೂಲೇಲಿ ಕೂತಿರೋದು. ಫ್ರಿಜ್ಜಿಗೆ ಮಾತ್ರ ಒಂದು ನಿಮಿಷದ ಎಣಿಕೆ ನಡೆಯಲ್ಲ, ಕಂಪ್ರೆಸರ್ ಬಂದು ಹೋಗಿ ಮಾಡುತ್ತೆ, ಅದಕ್ಕೆ ಪ್ಲಗ್ಗಿಗೆ ಸಿಕ್ಕಿಸೋ ಸಣ್ಣ ಯೂನಿಟ್ ಮೀಟರ್ ಹಾಕಿ ಪೂರ್ತಿ ದಿನ ಬಿಟ್ಟೆ, ಬೇಸಿಗೇಲಿ ಹೆಚ್ಚುಕಮ್ಮಿ ಒಂದು ಯೂನಿಟ್.

ಇಲ್ಲಿ ಬಹಳ ಜನ ಬಿಡೋ ಒಂದು ಲೋಡ್ ಇದೆ, ಇನ್ವರ್ಟರ್ ತನಗೋಸ್ಕರ ತಾನೇ ತಿನ್ನೋದು. ಏನೂ ಹಾಕದೇ ಸುಮ್ನೆ ಆನ್ ಇದ್ರೂ 3 ಕಿಲೋವ್ಯಾಟಿನ ನಮ್ದು 35 ವ್ಯಾಟ್ ಎಳೆಯುತ್ತೆ, ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ್ದು, 5 ಕಿಲೋವ್ಯಾಟಿಂದಾದ್ರೆ ಇನ್ನೂ ಜಾಸ್ತಿ. ಬಿಸಿಲಿಲ್ಲದ 16 ಗಂಟೆಗೆ ಇದೇ 0.56 ಯೂನಿಟ್, ರಾತ್ರಿಯ ಅಷ್ಟೂ ಲೈಟಿಗಿಂತ ಜಾಸ್ತಿ. ಮುಂದೆ ಬೇಕಾಗುತ್ತೆ ಅಂತ ದೊಡ್ಡ ಇನ್ವರ್ಟರ್ ತಗೊಳ್ಳೋರು ಇದನ್ನೊಂದು ನೋಡ್ಬೇಕು.

ಬ್ಯಾಟರಿ ಕೊಳ್ಳೋಕೆ ಮುಂಚೆ ಮೂರು ಫ್ಯಾನ್ ಬದಲಾಯಿಸಿದೆ. 75 ವ್ಯಾಟಿಂದು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ, ಅಂದ್ರೆ ಕಮ್ಮಿ ಕರೆಂಟಲ್ಲಿ ಓಡೋ ಹೊಸ ಥರದ ಮೋಟರಿನ ಫ್ಯಾನು. ಮೂರು ಫ್ಯಾನು ಒಂಬತ್ತು ಗಂಟೆ ಅಂದ್ರೆ ರಾತ್ರಿಗೆ 1.2 ಯೂನಿಟ್ ಕಮ್ಮಿ, ಇಷ್ಟನ್ನೇ ಬ್ಯಾಟರಿಯಿಂದ ಕೊಡ್ಬೇಕಾದ್ರೆ ಲುಕ್ಸಾನು ಗಿಕ್ಸಾನು ಸೇರಿ 1.7 ಯೂನಿಟ್ಟಿನಷ್ಟು ದೊಡ್ಡ ಬ್ಯಾಟರಿ ಹೆಚ್ಚಿಗೆ ಬೇಕಿತ್ತು. ಆ ಬ್ಯಾಟರಿ ದುಡ್ಡಿನ ಮುಂದೆ ಮೂರು ಫ್ಯಾನಿನ ದುಡ್ಡು ಏನೇನೂ ಅಲ್ಲ.

ಈಗ ಅಸಲು ಲೆಕ್ಕ. ನಮ್ಮ ಕಡೆ ಒಂದೇ ಲೆಕ್ಕ ಹಾಕಿದ್ರೆ ಆಗಲ್ಲ, ಎರಡು ಬೇಕು. ಒಂದು ಮೇ ತಿಂಗಳದ್ದು, ಸೆಕೆ, ಸಂಜೆ ಗುಡುಗು ಸಿಡಿಲು, ಕರೆಂಟ್ ಹೋಗುತ್ತೆ ಆದ್ರೆ ಮಾರನೇ ದಿನ ಬಿಸಿಲು ಗ್ಯಾರಂಟಿ. ಬಿಸಿಲಿಲ್ಲದ 16 ಗಂಟೆಗೆ ಫ್ಯಾನ್ 0.81, ಫ್ರಿಜ್ 0.65, ಇನ್ವರ್ಟರ್ 0.56, ಲೈಟು 0.27, ರೂಟರ್ 0.24, ಟಿವಿ 0.18, ಮಿಕ್ಸಿ ಮೊಬೈಲು ಸೇರಿ 0.19, ಒಟ್ಟು 2.9 ಯೂನಿಟ್. ಇನ್ನೊಂದು ಜುಲೈ ತಿಂಗಳದ್ದು. ಆಗ ಫ್ಯಾನ್ ಕೇಳೋರಿಲ್ಲ, ಎಲ್ರೂ ಕಂಬಳಿ ಒಳಗೆ, ಫ್ರಿಜ್ಜೂ ಕಮ್ಮಿ ಓಡುತ್ತೆ, ಬಿಸಿನೀರಿಗೆ ಬಚ್ಚಲು ಹಂಡೆ ಒಲೆ ಇದೆ, ಗೀಸರ್ ಇಲ್ಲ, ಕುಡಿಯೋಕೆ ಗುಡ್ಡದಿಂದ ಅಬ್ಬಿ ನೀರು ತಾನಾಗೇ ಬರುತ್ತೆ, ಪಂಪು ಬೇಡ. ಲೈಟು ಮಾತ್ರ ಜಾಸ್ತಿ, ಮಧ್ಯಾಹ್ನ ಮೂರಕ್ಕೇ ಕತ್ತಲು. ರಾತ್ರಿ ಪಾಲು 2.1, ಹಗಲಿಂದು 1, ಒಟ್ಟು ದಿನಕ್ಕೆ 3.1 ಯೂನಿಟ್.

ಮೇ ಲೆಕ್ಕದಿಂದ ಬ್ಯಾಟರಿ ಸೈಜ್ ಹೊರಡುತ್ತೆ. ನೋಡಿದ್ದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್, 3.2 ವೋಲ್ಟಿನ 16 ಸೆಲ್ ಸಾಲಾಗಿ ಸೇರಿ 51.2 ವೋಲ್ಟ್, 100 ಎಎಚ್, 5.12 ಯೂನಿಟ್. ಅದ್ರಲ್ಲಿ ಎಂಬತ್ತು ಪರ್ಸೆಂಟ್ ಬಳಸೋದು, ಡಿಸಿಯಿಂದ ಎಸಿ ಮಾಡುವಾಗ ಹತ್ತು ಪರ್ಸೆಂಟ್ ಹೋಗೋದು, ಉಳಿಯೋದು 3.7. ವರ್ಷಗಳು ಕಳೆದು ಕೆಪಾಸಿಟಿ ಎಂಬತ್ತಕ್ಕೆ ಇಳಿದ್ರೂ 2.95 ಸಿಗುತ್ತೆ, ನಮಗೆ ಬೇಕಾಗಿದ್ದು 2.9. ಇದಕ್ಕಿಂತ ಚೆನ್ನಾಗಿ ಕೂರಲ್ಲ.

ಅಪ್ಪಯ್ಯ ಕೇಳಿದ್ರು, "ಎರಡು ದಿನ ಕರೆಂಟ್ ಇಲ್ದಿದ್ರೆ ಎಂತ ಮಾಡ್ತೀಯ, ಎರಡು ಬ್ಯಾಟರಿ ಹಾಕ್ಸಿಬಿಡು ಮಾರಾಯ, ಒಂದೇ ಸಲಕ್ಕೆ ಆಗ್ಲಿ." ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಗೋದು ಜುಲೈ ಲೆಕ್ಕದಲ್ಲಿ. ಮೊದ್ಲು ಅಂದ್ಕೊಂಡಿದ್ದು 540 ವ್ಯಾಟಿನ ನಾಲ್ಕು ಪ್ಯಾನೆಲ್, 2.16 ಕಿಲೋವ್ಯಾಟ್. ಫೆಬ್ರವರಿ ಮಾರ್ಚಲ್ಲಿ ಇದು ದಿನಕ್ಕೆ ಒಂಬತ್ತು ಯೂನಿಟ್ ಕೊಡುತ್ತೆ, ಎಲ್ಲಿ ಹಾಕೋದು ಅಂತ ಗೊತ್ತಾಗಲ್ಲ. ಆದ್ರೆ ಜಡಿಮಳೆ ಹಿಡಿದ ದಿನ ಪ್ಯಾನೆಲ್ಲಿನ ಒಂದು ಕಿಲೋವ್ಯಾಟಿಗೆ 0.8 ಯೂನಿಟ್ ಅಂತ ಇಟ್ಕೊಂಡೆ, ಬರೋದು 1.7. ಬೇಕಾಗಿದ್ದು 3.1, ದಿನಕ್ಕೆ 1.4 ಕೊರತೆ. ಒಂದು ಬ್ಯಾಟರಿಯ 3.7 ಈ ಕೊರತೆಗೆ ಎರಡೂವರೆ ದಿನ ತಡ್ಕೊಳ್ಳುತ್ತೆ, ಎರಡು ಬ್ಯಾಟರಿ ಇದ್ರೆ ಐದು ದಿನ. ಬ್ಯಾಟರಿ ಒಂದೇ ಇಟ್ಟು ಎರಡು ಪ್ಯಾನೆಲ್ ಹೆಚ್ಚಿಗೆ ಹಾಕಿದ್ರೆ? 3.24 ಕಿಲೋವ್ಯಾಟ್, ಮಳೆ ದಿನ 2.6 ಯೂನಿಟ್, ಕೊರತೆ ಬರೀ ಅರ್ಧ ಯೂನಿಟ್, ಅದೇ ಒಂದು ಬ್ಯಾಟರಿ ಏಳು ದಿನ ಬರುತ್ತೆ. ಎರಡು ಪ್ಯಾನೆಲ್ಲಿಗೆ ಕೊಟ್ಟಿದ್ದು ಇನ್ನೊಂದು ಬ್ಯಾಟರಿ ಬೆಲೆಯ ಅರ್ಧವೂ ಇಲ್ಲ. ಅಬ್ಬಿ ನೀರು ನೂಲಿನ ಹಾಗೆ ಬರ್ತಿರುವಾಗ ದೊಡ್ಡ ಹಂಡೆ ತಂದಿಟ್ರೆ ಹಂಡೆ ತುಂಬಲ್ಲ. ಎರಡನೇ ಬ್ಯಾಟರಿ ಒಂದ್ಸಲ ಖಾಲಿ ಆದ್ರೆ ಮಳೆಗಾಲದಲ್ಲಿ ಅದನ್ನ ತುಂಬ್ಸೋ ಹೆಚ್ಚುವರಿ ಎಲ್ಲಿಂದ ಬರ್ಬೇಕು? ಅಪ್ಪಯ್ಯಂಗೆ ಚೀಟಿ ಮೇಲೆ ಬರೆದು ತೋರಿಸ್ದೆ, ಓದಿ ಮಡಚಿ ಕಿಸೆಗೆ ಹಾಕ್ಕೊಂಡ್ರು, ಅಂದ್ರೆ ಒಪ್ಪಿಗೆ.

ಟ್ಯೂಬುಲರನ್ನೇ ನಾಲ್ಕು ಹಾಕಿದ್ರೆ ಅಗ್ಗ ಆಗುತ್ತಲ್ಲ ಅಂತಲೂ ಯೋಚ್ನೆ ಬಂತು. ಬೇಡ ಅನಿಸಿದ್ದಕ್ಕೆ ಕಾರಣ ಬೆಲೆ ಅಲ್ಲ, ನಮ್ಮ ಆಕಾಶ. ಲೆಡ್ ಆಸಿಡ್ ಬ್ಯಾಟರಿ ಕೊನೆಯ ಇಪ್ಪತ್ತು ಪರ್ಸೆಂಟ್ ತುಂಬ್ಕೊಳ್ಳೋಕೆ ಗಂಟೆಗಟ್ಲೆ ಸಣ್ಣಗೆ ಎಳೀತಾ ಕೂರುತ್ತೆ, ಜುಲೈನಲ್ಲಿ ಅಷ್ಟು ಹೊತ್ತು ಬೆಳಕು ಸಿಗೋದಿಲ್ಲ, ವಾರಗಟ್ಲೆ ಅರೆಬರೆ ಚಾರ್ಜಲ್ಲೇ ನಿಂತು ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಗಟ್ಟಿಯಾಗಿ ಕೆಪಾಸಿಟಿ ಹೋಗ್ಬಿಡುತ್ತೆ. ಎಲ್‌ಎಫ್‌ಪಿಗೆ ಅರ್ಧ ಚಾರ್ಜಲ್ಲಿ ನಿಂತ್ರೆ ಏನೂ ಬೇಜಾರಿಲ್ಲ, ಅದಕ್ಕೆ ಅದೇ ಸುಖ.

48 ವೋಲ್ಟ್ ಸಿಸ್ಟಮ್ಮೇ (51.2 ವೋಲ್ಟಿನ ಬ್ಯಾಟರಿಗೂ ರೂಢಿಯಲ್ಲಿ ಹೀಗೇ ಹೇಳೋದು) ಯಾಕೆ ಅಂದ್ರೆ ಕೇಬಲ್. 3000 ವ್ಯಾಟನ್ನ 12 ವೋಲ್ಟಲ್ಲಿ ಎಳೆದ್ರೆ 250 ಆಂಪಿಯರ್ ದಾಟುತ್ತೆ, ವೆಲ್ಡಿಂಗ್ ಕೇಬಲ್ಲೇ ಹಾಕ್ಬೇಕು. 51 ವೋಲ್ಟಲ್ಲಿ ಇನ್ವರ್ಟರ್ ಲುಕ್ಸಾನೂ ಸೇರಿ 65 ಆಂಪಿಯರ್ ಆಸುಪಾಸು, 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಆರಾಮಾಗಿ ತಡ್ಕೊಳ್ಳುತ್ತೆ. 5 ಕಿಲೋವ್ಯಾಟ್ ಇನ್ವರ್ಟರ್ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ, ಪೂರ್ತಿ ಲೋಡಲ್ಲಿ ಅದು 110 ಆಂಪಿಯರ್ ಕೇಳುತ್ತೆ, ಈ ಬ್ಯಾಟರಿಯ ಬಿಎಂಎಸ್ (ಒಳಗೇ ಕೂತು ಸೆಲ್ಲುಗಳನ್ನ ಕಾಯೋ ಬೋರ್ಡು) ಲಿಮಿಟ್ 100. ಅಂದ್ರೆ ಯೂನಿಟ್ ಎಷ್ಟು ಅನ್ನೋದು ಒಂದು, ಒಂದೇ ಸಲಕ್ಕೆ ಎಷ್ಟು ಕೊಡುತ್ತೆ ಅನ್ನೋದು ಇನ್ನೊಂದು, ಎರಡನ್ನೂ ನೋಡ್ಬೇಕು. ಒಂದು ಎಚ್‌ಪಿ ಬಾವಿ ಪಂಪು ಓಡುವಾಗ ಸಾವಿರ ವ್ಯಾಟ್ ಚಿಲ್ಲರೆ ಆದ್ರೂ ಸ್ಟಾರ್ಟ್ ಆಗೋ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತೆ, ಅದನ್ನ ಇದಕ್ಕೆ ಕೊಡ್ಲೇ ಇಲ್ಲ, ಲೈನ್ ಕರೆಂಟಲ್ಲೇ ಇದೆ. ತೋಟದ ತ್ರೀಫೇಸ್ ಪಂಪಿನ ಮಾತೇ ಬೇಡ.

ಇನ್ನು ಕಟ್ಟೋ ಕೆಲ್ಸ. ಹಂಚಿನ ಮಾಡಿನ ಮೇಲೆ ಪ್ಯಾನೆಲ್ ಕೂರಿಸೋದು ತಲೆನೋವು, ಹತ್ತು ಹಂಚು ಒಡೆದು ಮಳೆಗಾಲದಲ್ಲಿ ಒಳಗೆ ಪಾತ್ರೆ ಇಡ್ಬೇಕಾಗುತ್ತೆ. ಅಡಿಕೆ ಒಣಗಿಸೋ ಶೆಡ್ಡಿನ ಶೀಟಿನ ಮೇಲೆ ಆರೂ ಹಾಕಿದ್ವಿ, ತೋಟದ ಕಡೆಯಿಂದ ನೆರಳು ಬೀಳೋ ಎರಡು ಹಲಸಿನ ಕೊಂಬೆ ಕಡಿಸಿದ್ವಿ. ಇಳಿಜಾರು ಎಷ್ಟು ಕೊಡ್ಬೇಕು ಅಂತ ದೊಡ್ಡ ಚರ್ಚೆ. ನಾವಿರೋದು ಹದಿಮೂರು ಮುಕ್ಕಾಲು ಡಿಗ್ರಿ ಅಕ್ಷಾಂಶದ ಹತ್ರ, ಜೂನ್ ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ಉತ್ತರಕ್ಕೆ ಇರ್ತಾನೆ, ದಕ್ಷಿಣಕ್ಕೆ ಜಾಸ್ತಿ ವಾಲಿಸಿದ್ರೆ ಮಳೆಗಾಲಕ್ಕೆ ಲುಕ್ಸಾನೇ, ಹೇಗೂ ಮೋಡ ಇದ್ದಾಗ ಬೆಳಕು ಇಡೀ ಆಕಾಶದಿಂದ ಬರುತ್ತೆ. ಹಾಗಂತ ಚಪ್ಪಟೆ ಇಟ್ರೆ ನೀರು ನಿಂತು ಅಂಚಲ್ಲಿ ಪಾಚಿ ಕಟ್ಟುತ್ತೆ. ಹತ್ತು ಡಿಗ್ರಿ ಇಟ್ವಿ. ಆರೂ ಪ್ಯಾನೆಲ್ ಸೀರೀಸಲ್ಲಿ, ಲೋಡ್ ಇಲ್ಲದಾಗಿನ ಓಪನ್ ವೋಲ್ಟೇಜ್ 300ರ ಹತ್ರ, ಇನ್ವರ್ಟರ್ ಎಂಪಿಪಿಟಿ (ಪ್ಯಾನೆಲ್ ಕರೆಂಟ್ ತಗೊಳ್ಳೋ ಭಾಗ) ತಡ್ಕೊಳ್ಳೋದು 450. ಮುನ್ನೂರು ವೋಲ್ಟ್ ಡಿಸಿ ಅಂದ್ರೆ ಹುಡುಗಾಟ ಅಲ್ಲ, ಅದರ ಆರ್ಕ್, ಅಂದ್ರೆ ತಂತಿ ಬಿಡಿಸುವಾಗ ಹಾರೋ ಕಿಡಿ, ಎಸಿ ಹಾಗೆ ತಾನಾಗೇ ಆರಲ್ಲ, ಲೋಡಲ್ಲಿರುವಾಗ ಕನೆಕ್ಟರ್ ಎಳೀಬೇಡಿ. ಸಿಡಿಲಿನ ಊರು ಬೇರೆ, ಡಿಸಿ ಎಸಿ ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗ್ ಹೊಸದಾಗಿ ತೋಡ್ಸಿದೆ.

ಬ್ಯಾಟರಿ ಜಾಗಕ್ಕೆ ಅಟ್ಟ ಬೇಡ, ಬೇಸಿಗೇಲಿ ಹಂಚಿನ ಕಾವು. ಅಡುಗೆಮನೆ ಪಕ್ಕವೂ ಬೇಡ. ಉತ್ತರದ ಗೋಡೆಯ ಸಣ್ಣ ಕೋಣೇಲಿ, ನೆಲದಿಂದ ಒಂದಡಿ ಮೇಲೆ ಸ್ಟ್ಯಾಂಡ್. ಇನ್ವರ್ಟರ್ ಗಾಳಿ ಬಾಯಿಗೆ ಸೊಳ್ಳೆ ಪರದೆ ಜಾಲರಿ ಕಟ್ಟಿದೀನಿ, ಹಲ್ಲಿ ಒಳಗೆ ಹೋಗಿ ಬೋರ್ಡ್ ಸುಟ್ಟು ತಾನೂ ಸತ್ತಿದ್ದು ಹಳೇ ಯುಪಿಎಸ್ಸಲ್ಲಿ ನೋಡಿದ್ದೇನೆ. ಕೇಬಲ್ ಪೂರ್ತಿ ಪೈಪಲ್ಲಿ, ಇಲಿಗೆ. ಬ್ಯಾಟರಿ ಪ್ಲಸ್ಸಿಗೆ ಆದಷ್ಟು ಹತ್ತಿರದಲ್ಲಿ ಡಿಸಿ ರೇಟಿಂಗ್ ಬರೆದಿರೋ 100 ಆಂಪಿಯರ್ ಎಚ್‌ಆರ್‌ಸಿ ಫ್ಯೂಸ್, ದೊಡ್ಡ ಶಾರ್ಟಾದ್ರೂ ಸಿಡಿಯದೇ ಕಟ್ ಮಾಡೋ ಥರದ್ದು. ಲಗ್ಗನ್ನ (ಕೇಬಲ್ ತುದಿಗೆ ಹಾಕೋ ಲೋಹದ ಟೋಪಿ) ಸುತ್ತಿಗೇಲಿ ಕುಟ್ಟಿ ಕೂರಿಸೋಕೆ ಹೊರಟಿದ್ದ ವೈರಿಂಗ್ ಹುಡುಗನಿಗೆ "ಬೇಡ ಮಾರಾಯ" ಅಂತ ಹೇಳಿ ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗೆ ತರ್ಸಿದೆ. ಕುಟ್ಟಿದ ಲಗ್ಗು ಮೊದಲ ದಿನ ಚೆನ್ನಾಗೇ ಇರುತ್ತೆ, ಆಮೇಲೆ ಸಡಿಲಾಗಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತೆ.

ಮೊದಲ ಸಲ ಬ್ಯಾಟರಿ ಜೋಡಿಸುವಾಗ ಒಂದು ಉಪಾಯ. ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿ ಇರುತ್ತೆ, ನೇರ ತಂತಿ ಮುಟ್ಟಿಸಿದ್ರೆ ದೊಡ್ಡ ಕಿಡಿ ಹಾರಿ ಟರ್ಮಿನಲ್ ಗುಳಿ ಬೀಳುತ್ತೆ, ಕೆಲವೊಂದ್ಸಲ ಬಿಎಂಎಸ್ ಶಾರ್ಟ್ ಅಂದ್ಕೊಂಡು ಕಟ್ ಮಾಡುತ್ತೆ. ಬಚ್ಚಲಲ್ಲಿದ್ದ ಹಳೇ 60 ವ್ಯಾಟ್ ಗುಂಡು ಬಲ್ಬನ್ನ ಹೋಲ್ಡರ್ ಸಮೇತ ತಂದು ಪ್ಲಸ್ ದಾರಿಯಲ್ಲಿ ನಡುವೆ ಇಟ್ವಿ. ತಂತು ಒಂದು ಕ್ಷಣ ಕೆಂಪಗಾದ ಹಾಗೆ ಮಾಡಿ ಮಂಕಾಯ್ತು, ಮಲ್ಟಿಮೀಟರಲ್ಲಿ ಇನ್ವರ್ಟರ್ ಕಡೆ ವೋಲ್ಟೇಜ್ ಏರ್ತಾ ಹೋಗಿ ಬ್ಯಾಟರಿ ಹತ್ರ ಬಂತು, ಆಗ ಬಲ್ಬ್ ತೆಗೆದು ನಿಜವಾದ ಲಗ್ಗು ಬಿಗಿ ಮಾಡಿದ್ವಿ. ಕಿಡಿ ಇಲ್ಲ, ಸದ್ದಿಲ್ಲ.

ಜಾಸ್ತಿ ಹೊತ್ತು ತಿಂದಿದ್ದು ಒಂದು ಲ್ಯಾನ್ ಕೇಬಲ್. ಬಿಎಂಎಸ್ಸೂ ಇನ್ವರ್ಟರೂ ಮಾತಾಡೋಕೆ ಆರ್‌ಎಸ್ 485 ಅಂತ ಒಂದು ಪೋರ್ಟ್ ಇರುತ್ತೆ, ನೋಡೋಕೆ ಇಂಟರ್ನೆಟ್ ಜ್ಯಾಕೇ. ಮಾಮೂಲಿ ಲ್ಯಾನ್ ಕೇಬಲ್ ಹಾಕಿದ್ರೆ ಎರಡೂ ಮೂಕ. ಎರಡರ ಮ್ಯಾನ್ಯುಯಲ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಎ ಮತ್ತೆ ಬಿ ಅನ್ನೋ ಎರಡು ತಂತಿ ಒಂದರಲ್ಲಿ ಒಂದು ಪಿನ್ನಲ್ಲಿ, ಇನ್ನೊಂದರಲ್ಲಿ ಇನ್ನೊಂದು ಪಿನ್ನಲ್ಲಿ. ಒಂದು ತುದಿ ಕತ್ತರಿಸಿ ಎಗೆ ಎ, ಬಿಗೆ ಬಿ ಬರೋ ಹಾಗೆ ಹೊಸ ಜ್ಯಾಕ್ ಕ್ರಿಂಪ್ ಮಾಡ್ದೆ, ಮೆನುವಿನಲ್ಲಿ ಪ್ರೊಟೊಕಾಲ್ ಬದಲಾಯಿಸ್ದೆ, ಬಂತು. ಇದು ಯಾಕೆ ಮುಖ್ಯ ಅಂದ್ರೆ ಎಲ್‌ಎಫ್‌ಪಿ ವೋಲ್ಟೇಜ್ ಹೆಚ್ಚುಕಮ್ಮಿ ಚಪ್ಪಟೆ, ತುಂಬಿದಲ್ಲಿಂದ ಮೂವತ್ತು ಪರ್ಸೆಂಟಿಗೆ ಇಳಿಯೋ ತನಕ ಸೆಲ್ಲಿಗೆ 3.3 ಆಸುಪಾಸೇ ನಿಂತಿರುತ್ತೆ, ಬರೀ ವೋಲ್ಟೇಜ್ ನೋಡಿ ಇನ್ವರ್ಟರ್ ತೋರ್ಸೋ ಪರ್ಸೆಂಟೇಜ್ ನಂಬೋ ಹಾಗಿಲ್ಲ. ಕೇಬಲ್ ಮಾತಾಡೋಕೆ ಮುಂಚೆ ಇನ್ವರ್ಟರಲ್ಲಿ 100, ಬಿಎಂಎಸ್ ಆ್ಯಪಲ್ಲಿ 62. ಇಷ್ಟು ಅಂತರ ಇಟ್ಕೊಂಡು ಬ್ಯಾಟರಿ ಸೈಜಿನ ಲೆಕ್ಕ ಹಾಕಿ ಏನು ಬಂತು?

ಸೆಟ್ಟಿಂಗು: ಚಾರ್ಜ್ 56 ವೋಲ್ಟ್, ಫ್ಲೋಟ್ (ತುಂಬಿದ್ಮೇಲೆ ಹಿಡಿದಿಡೋ ವೋಲ್ಟೇಜ್) 54, ಚಾರ್ಜ್ ಕರೆಂಟ್ 50 ಆಂಪಿಯರಿಗೆ ಮಿತಿ, ಕೆಳಗಿನ ಕಟ್ 48, ಅಂದ್ರೆ ಸೆಲ್ಲಿಗೆ 3 ವೋಲ್ಟ್. 58.4ರ ತನಕ ಹೋಗ್ಬಹುದು ಅಂತ ಬರೆದಿದ್ರೂ ಹೋಗೋ ಅಗತ್ಯ ಇಲ್ಲ, ಸಿಗೋ ಹೆಚ್ಚುವರಿ ಏನೇನೂ ಅಲ್ಲ. ಮೊದಲ ಕೆಲ ದಿನ 56ರಲ್ಲಿ ಸಾಕಷ್ಟು ಹೊತ್ತು ನಿಲ್ಲಿಸಿ ಸೆಲ್ಲುಗಳು ಸಮ ಆಗೋಕೆ ಬಿಟ್ಟೆ.

ಆಮೇಲೆ ಮಾರಿದೋರು ಹೇಳಿದ ಕೆಪಾಸಿಟಿ ನಿಜಾನಾ ಅಂತ ಪರೀಕ್ಷೆ, ಇದನ್ನ ದಯವಿಟ್ಟು ವಾರಂಟಿ ಹೊಸದಿರುವಾಗಲೇ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಪ್ಯಾನೆಲ್ ಮತ್ತೆ ಲೈನ್ ಎರಡೂ ಆಫ್, ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಸಾವಿರ ವ್ಯಾಟಿನ ಇಮ್ಮರ್ಶನ್ ರಾಡು, ಮಧ್ಯೆ ಯೂನಿಟ್ ಮೀಟರ್. ರಾಡು ಇದಕ್ಕೆ ಒಳ್ಳೇದು, ಲೋಡ್ ಏರುಪೇರಾಗಲ್ಲ. ನೀರಿಗೆ ಕೈ ಹಾಕ್ಬೇಡಿ ಅಂತ ಮನೆಯೋರಿಗೆಲ್ಲ ಹೇಳಿ ಬಾಗ್ಲು ಹಾಕ್ಕೊಂಡು ಕೂತೆ. ನಾಲ್ಕು ಗಂಟೆ ತನಕ ವೋಲ್ಟೇಜ್ ಅಲ್ಲಾಡಲ್ಲ, 52, 51.5 ಅಂತ ಆಮೆ ನಡಿಗೆ, ಕೊನೇಲಿ ಮಾತ್ರ ಕಣ್ಣೆದುರೇ 50, 49, ಕಟ್. ಮೀಟರಲ್ಲಿ 4.5 ಯೂನಿಟ್. 5.12ಕ್ಕೆ ಹತ್ತು ಪರ್ಸೆಂಟ್ ಕಳೆದ್ರೆ 4.6 ಬರ್ಬೇಕು, ಕೆಳಗೆ ಸ್ವಲ್ಪ ಉಳಿದಿರುತ್ತೆ, ಸರಿಯಾಗಿದೆ. ಬಿಸಿನೀರು ಅಮ್ಮ ದನದ ಅಕ್ಕಚ್ಚಿಗೆ ಹಾಕಿದ್ರು.

ಒಂದು ಮಳೆಗಾಲ ದಾಟಿದ ಮೇಲೆ ಗೊತ್ತಾಗಿದ್ದು ಇಷ್ಟು. ಕಿಲೋವ್ಯಾಟಿಗೆ 0.8 ಅನ್ನೋ ಊಹೆ ಸುಮಾರಿಗೆ ಸರಿ, ತೀರಾ ಕತ್ತಲ ದಿನಗಳಲ್ಲಿ ಅದಕ್ಕಿಂತಲೂ ಕಮ್ಮಿ, ಮಧ್ಯೆ ಹೊಳವಾದ್ರೆ ಎರಡರ ಮೇಲೆ. ಲೈನ್ ಇದ್ದಾಗ ಬ್ಯಾಟರಿ 70ಕ್ಕಿಂತ ಕೆಳಗೆ ಇಳಿಯದ ಹಾಗೆ ಜೂನಿಂದ ಸೆಪ್ಟೆಂಬರ್ ತನಕ ಸೆಟ್ ಮಾಡಿರ್ತೀನಿ, ಕರೆಂಟ್ ಹೋದ್ಮೇಲೆ ಮಾತ್ರ ಪೂರ್ತಿ ಇಳಿಯೋಕೆ ಬಿಡೋದು. ಬೇಸಿಗೇಲಿ 30. ಎರಡು ದಿನದ ಮೇಲೆ ಕರೆಂಟ್ ಬರದೇ ಇದ್ರೆ ರಾತ್ರಿ ರೂಟರ್ ಆಫ್, ಫ್ರಿಜ್ಜಿಗೆ ಟೈಮರ್.

ಪಕ್ಕದ ಮನೆ ಭಾವ ಈಗ ಅದೇ ಸೈಜ್ ನಮಗೂ ಹಾಕಿಕೊಡು ಅಂತಾರೆ. ಅವರ ಮನೇಲಿ ಫ್ರಿಜ್ಜು ಎರಡು, ಮಗ ಬೆಂಗ್ಳೂರು ಕಂಪನಿ ಕೆಲ್ಸ ಮನೆಯಿಂದ್ಲೇ ಮಾಡ್ತಾನೆ, ಎರಡು ಮಾನಿಟರ್ ಇಟ್ಕೊಂಡು ಅಮೆರಿಕದ ಹೊತ್ತಿಗೆ, ಅಂದ್ರೆ ಲೋಡ್ ಪೂರ್ತಿ ರಾತ್ರಿಯೇ. ಅವರಿಗೆ ಎರಡು ಬ್ಯಾಟರಿ ಬೇಕಾದ್ರೂ ಬೇಕಾಗ್ಬಹುದು, ಪ್ಯಾನೆಲ್ಲೂ ಅದಕ್ಕೆ ತಕ್ಕ ಹಾಗೆ. ಮೊದ್ಲು ಮೀಟರ್ ಮಿಣುಕೋದನ್ನ ರಾತ್ರಿ ಹತ್ತಕ್ಕೊಮ್ಮೆ, ಎರಡಕ್ಕೊಮ್ಮೆ ವಿಡಿಯೋ ಮಾಡಿ ಕಳ್ಸಿ ಭಾವ ಅಂದಿದೀನಿ, ಇನ್ನೂ ಕಳ್ಸಿಲ್ಲ.